ಹಿಂದಿರುಗುವ ನೀರಿಗೊಂದು ಕದ

ತಗ್ಗಿನತ್ತ ಹರಿಯುವುದು ನೀರಿನ ಸ್ವಭಾವ. ಮನೆಯ ಒಳಚರಂಡಿ ನಂಬಿರುವುದೂ ಅದನ್ನೇ. ಆದರೆ ಬಿರುಮಳೆಯ ನೀರು ನುಗ್ಗಿ ಬೀದಿಯ ಕೊಳವೆ ತುಂಬಿ, ಮ್ಯಾನ್‌ಹೋಲಿನ ನೀರು ನಮ್ಮ ಬಚ್ಚಲಿನ ಮಟ್ಟಕ್ಕಿಂತ ಮೇಲೇರಿದರೆ, ಅದೇ ಸ್ವಭಾವ ಹೊಲಸನ್ನು ಮನೆಯೊಳಕ್ಕೆ ತರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ತಗ್ಗು ಬಡಾವಣೆಗಳು ಜಲಾವೃತವಾದುದನ್ನು ನೆನೆದರೆ, ಈ ಭಯ ಕಲ್ಪಿತವಲ್ಲವೆಂಬುದು ತಿಳಿದೀತು.

ಇದಕ್ಕೆ ಉಪಾಯವೆಂದರೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ. ಪ್ಲಂಬರುಗಳ ಮಾತಿನಲ್ಲಿ ನಾನ್‌ರಿಟರ್ನ್ ವಾಲ್ವ್. ಹೃದಯದ ಕವಾಟದ ಕೆಲಸವೇ ಇದರದೂ. ಮೇಲಂಚಿನಿಂದ ತೂಗುವ ಬಿಲ್ಲೆಯೊಂದು ಹೊರಹೋಗುವ ನೀರಿಗೆ ತೆರೆದುಕೊಂಡು, ಹಿಂದಿರುಗುವ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಮನೆಯ ಕಡೆಯ ಚೇಂಬರಿಗೂ ಬೀದಿಯ ಕೊಳವೆಗೂ ನಡುವೆ, ಬಾಣದ ಗುರುತು ಬೀದಿಯತ್ತ ಇರುವಂತೆ, ತೆರೆದು ನೋಡಬಲ್ಲ ಮುಚ್ಚಳದಡಿ ಇದನ್ನು ಕೂರಿಸಬೇಕು. ಬಟ್ಟೆಯ ಚೂರೊಂದು ಸಿಕ್ಕಿಕೊಂಡರೂ ಬಿಲ್ಲೆ ಸರಿಯಾಗಿ ಮುಚ್ಚದು. ಮಳೆಗಾಲಕ್ಕೆ ಮುನ್ನ ತೊಳೆಸುವುದು ಅಗತ್ಯ.

ಮುಚ್ಚಿದ ಕದ ಒಳಗಿನವರನ್ನೂ ತಡೆಯುತ್ತದೆಂಬುದನ್ನು ಮಾತ್ರ ಮರೆಯಬಾರದು. ಆ ಹೊತ್ತಿನಲ್ಲಿ ಮಹಡಿಯವರು ಸ್ನಾನ ಮಾಡಿದರೆ, ಆ ನೀರು ಕೆಳಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ. ಆದುದರಿಂದ ಮಹಡಿಯ ಕೊಳವೆಯನ್ನು ಕವಾಟದ ಆಚೆಗೆ ಸೇರಿಸುವುದು ಲೇಸು. ಅದಾಗದಿದ್ದರೆ ಮಳೆ ಇಳಿಯುವವರೆಗೆ ನಲ್ಲಿ ಮುಚ್ಚಿರಬೇಕು. ತಾರಸಿಯ ಮಳೆನೀರನ್ನಂತೂ ಒಳಚರಂಡಿಗೆ ಬಿಡಲೇಬಾರದು. ಕವಾಟ ಮುಚ್ಚಿದ್ದಾಗ ಅದು ನಮ್ಮ ಮನೆಯನ್ನೇ ತುಂಬುತ್ತದೆ; ತೆರೆದಿದ್ದಾಗ ಬೀದಿಯ ಕೊಳವೆಯನ್ನು ತುಂಬಿ, ಕವಾಟವಿಲ್ಲದ ನೆರೆಮನೆಯ ಬಚ್ಚಲನ್ನು ಹುಡುಕಿಕೊಂಡು ಹೋಗುತ್ತದೆ.