ಹಾಯಿದೋಣಿಯ ಕೋಣೆಗೆ ತೆರೆಬಟ್ಟೆ

ಮನೆಯ ಕಿಟಕಿಗೆ ತೆರೆಯನ್ನು ಆರಿಸುವಾಗ ನಾವು ಬಣ್ಣವನ್ನೂ ಬೆಲೆಯನ್ನೂ ನೋಡುತ್ತೇವೆ. ಕಡಲಿನ ಹಾಯಿದೋಣಿಯ ಕಿರುಕೋಣೆಗಾದರೋ ಮೊದಲು ನೆನೆಯತಕ್ಕದ್ದು ಉಪ್ಪನ್ನು. ಉಪ್ಪುನೀರು ತಾಗಿದ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ನೀರು ಆರೀತು. ಉಪ್ಪು ನೂಲಿನಲ್ಲಿಯೇ ಉಳಿಯುವುದು. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಉಪ್ಪು ನೀರೊಡೆಯುವಂತೆ, ಅದು ರಾತ್ರಿಯ ತೇವವನ್ನು ಮತ್ತೆ ಸೆಳೆಯುವುದು. ಹೀಗೆ ಹತ್ತಿಯ ತೆರೆ ಚೆನ್ನಾಗಿ ಒಣಗದೆ ಬೂಷ್ಟು ಹಿಡಿಯುವುದು. ಸಾಧಾರಣ ಹವೆಯಲ್ಲಿಯೇ ಹತ್ತಿ ತನ್ನ ತೂಕದಲ್ಲಿ ನೂರಕ್ಕೆ ಸುಮಾರು 8 ಭಾಗ ತೇವವನ್ನು ಹೀರಿದರೆ, ಪಾಲಿಯೆಸ್ಟರ್ ಹೀರುವುದು ಅರ್ಧ ಭಾಗಕ್ಕೂ ಕಡಿಮೆ. ಎಳೆಯಾಗುವ ಮುನ್ನವೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆಯೂ ಲೇಸು. ಅದು ಬಿಸಿಲಿಗೆ ಬೇಗ ಮಾಸದು.

ಹೊಲಿಗೆಯಲ್ಲಿಯೂ ಇದೇ ವಿವೇಕ ಬೇಕು. ಹತ್ತಿಯ ದಾರ ಕೊಳೆತರೆ ಗಟ್ಟಿ ಬಟ್ಟೆಯೂ ಬಿಚ್ಚಿಹೋಗುವುದು. ಪಾಲಿಯೆಸ್ಟರ್ ದಾರವನ್ನೇ ಬಳಸೋಣ. ದೋಣಿಯ ಪಕ್ಕಗಳು ಓರೆ. ಗಾಳಿಗೆ ದೋಣಿಯೂ ವಾಲುವುದು. ಮೇಲೊಂದೇ ಕಂಬಿಯಿದ್ದರೆ ತೆರೆ ಜೋತಾಡುವುದರಿಂದ ಕೆಳಗೂ ಒಂದು ಕಂಬಿಯಿರಲಿ. ಒಲೆಯ ಬಳಿಯಲ್ಲಿ ಮಾತ್ರ ಯಾವ ತೆರೆಯೂ ಬೇಡ. ಮನೆಗೆ ಬೆಂಕಿ ಬಿದ್ದರೆ ನಾವು ಬೀದಿಗೆ ಓಡಬಹುದು; ನಡುಗಡಲಿನಲ್ಲಿ ಬೀದಿಯಿಲ್ಲ.