ನಿಮಗಿದು ಗೊತ್ತೆ? ಹನಿ ಒಂದೇ, ಫಲ ಬೇರೆ
ಸಿರಿವಂತ ದೇಶಗಳ ಶಿಶುಗಳಿಗೆ ಮೂರಾವರ್ತಿ ಬಾಯಿಗೆ ಹಾಕಿದರೆ ಬಹುಮಟ್ಟಿಗೆ ಪೂರ್ಣ ರಕ್ಷಣೆಯನ್ನೀಯುತ್ತಿದ್ದ ಪೋಲಿಯೋ ಲಸಿಕೆಯ ಹನಿಗಳು ನಮ್ಮ ಮಕ್ಕಳಲ್ಲಿ ಅಷ್ಟು ಫಲಕಾರಿಯಾಗವೆಂಬುದನ್ನು ವೆಲ್ಲೂರಿನ ವೈದ್ಯ ಟಿ. ಜೇಕಬ್ ಜಾನ್ ಮತ್ತವರ ಸಹೋದ್ಯೋಗಿಗಳು 1970ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ದೋಷವು ಹನಿಯದಲ್ಲ, ಅದು ಇಳಿದು ಸೇರುವ ಕರುಳಿನ ಸ್ಥಿತಿಯೇ ಬೇರೆ. ಅಶುದ್ಧ ಜಲ, ಬಯಲು ಶೌಚ, ಇಕ್ಕಟ್ಟಾದ ವಸತಿ ಇವುಗಳ ನಡುವೆ ಬೆಳೆಯುವ ಕೂಸಿನ ಕರುಳು ಎಡೆಬಿಡದೆ ಒಳಹೊಗುವ ರೋಗಾಣುಗಳ ಉಪಟಳದಿಂದ ಸದಾ ಉರಿಯೂತಕ್ಕೊಳಗಾಗಿ, ಅನ್ನಸಾರವನ್ನು ಹೀರುವ ಅದರ ಬೆರಳಿನಂತಹ ಸೂಕ್ಷ್ಮಾಂಕುರಗಳು ಮೊಂಡಾಗಿಬಿಡುತ್ತವೆ. ಮೇಲಾಗಿ, ಮೊದಲೇ ಅಲ್ಲಿ ಬೀಡುಬಿಟ್ಟ ಅನ್ಯ ವೈರಸ್ಸುಗಳು ಲಸಿಕೆಯ ಸಜೀವ, ಆದರೆ ದುರ್ಬಲ ವೈರಸ್ಸಿಗೆ ನೆಲೆಯೂರಲು ಎಡೆಗೊಡವೆಂದು ತಜ್ಞರ ಅಭಿಪ್ರಾಯ.

ಅತಿಸಾರವನ್ನು ತರುವ ರೋಟಾವೈರಸ್ಸಿನ ಲಸಿಕೆಯದೂ ಇದೇ ಕಥೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೀವ್ರ ವ್ಯಾಧಿಯ ವಿರುದ್ಧ ಅದರ ಸಾಮರ್ಥ್ಯವು ದಕ್ಷಿಣ ಆಫ್ರಿಕೆಯಲ್ಲಿ ನೂರಕ್ಕೆ ಸುಮಾರು 77, ಬಡತನ ಮಿಗಿಲಾದ ಮಲಾವಿಯಲ್ಲಿ ಕೇವಲ 49. ಆದರೂ ಓದುಗರು ಆತುರಪಟ್ಟು ಆ ಲಸಿಕೆಯನ್ನು ಹಳಿಯಬಾರದು: ವ್ಯಾಧಿಯೇ ಅಲ್ಲಿ ಅಷ್ಟು ವ್ಯಾಪಕವಾಗಿದ್ದುದರಿಂದ, ಲಸಿಕೆ ಪಡೆದ ಪ್ರತಿ ನೂರು ಶಿಶುಗಳಲ್ಲಿ ತಪ್ಪಿಹೋದ ತೀವ್ರ ಪ್ರಕರಣಗಳು ದಕ್ಷಿಣ ಆಫ್ರಿಕೆಗಿಂತ ಮಲಾವಿಯಲ್ಲಿಯೇ ಹೆಚ್ಚು.