ಅರ್ಧ ಇಂಡಿಯಾ ತೋಳಲ್ಲಿ, ಅರ್ಧ ಹಿಮ್ಮಡಿಯಲ್ಲಿ

ಸಂಬಳದ ವಿಷಯಕ್ಕೆ ಫುಟ್‌ಬಾಲ್ ಕ್ಲಬ್ಬಿಗೂ ಆಟಗಾರನಿಗೂ ಜಗ್ಗಾಟ ನಡೆಯುವುದು ಹೊಸದಲ್ಲ. 2023ರ ಆಗಸ್ಟ್‌ನಲ್ಲಿ ಉತ್ತರ ಸ್ಪೇನಿನ ಒವಿಯೆದೊ ಊರಿನಲ್ಲಿ ಅದು ಉಲ್ಟಾ ನಡೆಯಿತು. ಬಂದ ಆಟಗಾರ ‘ಪುಕ್ಕಟೆ ಆಡುತ್ತೇನೆ’ ಅಂದರು. ಹಾಗೆಲ್ಲ ಆಡಿಸುವಂತಿಲ್ಲ, ವೃತ್ತಿಪರ ಲೀಗ್ ಅಂದಮೇಲೆ ಕನಿಷ್ಠ ವೇತನವನ್ನಾದರೂ ಕೊಡಲೇಬೇಕು ಎಂದಿತು ನಿಯಮ. ಕೊನೆಗೆ ಆ ಕನಿಷ್ಠಕ್ಕೇ ಸಹಿ ಬಿತ್ತು. ಜತೆಗೆ, ತಮ್ಮ ಹೆಸರಿನ ಅಂಗಿ ಮಾರಿ ಬಂದದ್ದರಲ್ಲಿ ಶೇ 10ರಷ್ಟು ಕ್ಲಬ್ಬಿನ ಎಳೆಯರ ಅಕಾಡೆಮಿಗೆ ಹೋಗಬೇಕು ಎಂಬ ಮಾತೂ ಆಯಿತು. ಆಟಗಾರರ ಹೆಸರು ಸಾಂಟಿ ಕಜೋರ್ಲಾ, ಆಗ ವಯಸ್ಸು 38.

ಶನಿವಾರ ಸಂಜೆ ಟಿವಿ ಮುಂದೆ ಕೂತು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುವ ನಮ್ಮ ಹುಡುಗರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆರ್ಸೆನಲ್ ತಂಡದ ನಡುಮೈದಾನದಲ್ಲಿ ಸದಾ ನಗುತ್ತ ಓಡಾಡುತ್ತಿದ್ದ, ಐದೂವರೆ ಅಡಿ ಎತ್ತರದ ಮನುಷ್ಯ. ಅವರದು ಎಡಗಾಲಿನ ಆಟವೋ ಬಲಗಾಲಿನದೋ ಎಂದು ಎದುರಾಳಿಗಿರಲಿ, ವರ್ಷಗಟ್ಟಲೆ ನೋಡಿದವರಿಗೂ ಖಚಿತವಾಗಿ ಹೇಳಲಾಗದು. ಒಂದು ಮೂಲೆಯಿಂದ ಕಾರ್ನರ್ ಹೊಡೆಯಲು ಒಂದು ಕಾಲು, ಇನ್ನೊಂದು ಮೂಲೆಗೆ ಇನ್ನೊಂದು ಕಾಲು. ಅವರನ್ನು ತಡೆಯಲು ನಿಂತವನಿಗೆ ಯಾವ ಕಡೆಗೆ ವಾಲಬೇಕು ಎಂಬುದೇ ಪೇಚಾಟ.

ಆದರೆ ಈ ಕಾಲ್ಚಳಕವೇ ಅವರ ದಾರಿಯನ್ನು ತೀರ್ಮಾನಿಸಿತೆಂದರೆ ತಪ್ಪಾಗುತ್ತದೆ. ಒಂದೊಂದು ಊರಿನಿಂದಲೂ ಅವರನ್ನು ಎಬ್ಬಿಸಿದ್ದು ಹೆಚ್ಚಾಗಿ ಕ್ಲಬ್ಬುಗಳ ಬರಿದಾದ ತಿಜೋರಿ.

1984ರಲ್ಲಿ ಒವಿಯೆದೊ ಪಕ್ಕದ ಯಾನೆರಾದಲ್ಲಿ ಹುಟ್ಟಿದ ಕಜೋರ್ಲಾ, ರಿಯಲ್ ಒವಿಯೆದೊ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವರು. ಅವರ ಹದಿಹರೆಯದಲ್ಲಿ, 2001ರಲ್ಲಿ, ಕ್ಲಬ್ಬು ಮೊದಲ ದರ್ಜೆಯಿಂದ ಕೆಳಗಿಳಿಯಿತು. 2003ರಲ್ಲಿ ಆಟದಲ್ಲಿ ಸೋತು ಒಂದು ಮೆಟ್ಟಿಲು, ಆಟಗಾರರ ಸಂಬಳ ಬಾಕಿ ಉಳಿಸಿಕೊಂಡಿದ್ದಕ್ಕೆ ಇನ್ನೊಂದು ಮೆಟ್ಟಿಲು ಉರುಳಿ ನಾಲ್ಕನೇ ದರ್ಜೆಗೆ ಬಂದು ಬಿತ್ತು. ಊರಿನ ತಂಡದ ಪರ ಒಂದೇ ಒಂದು ಹಿರಿಯರ ಪಂದ್ಯವನ್ನೂ ಆಡದೆ ಹದಿನೆಂಟರ ಹುಡುಗ ದೇಶದ ಇನ್ನೊಂದು ಅಂಚಿನ ವಿಲ್ಲಾರಿಯಲ್‌ಗೆ ಹೊರಟ.

ವಿಲ್ಲಾರಿಯಲ್ ಹೆಂಚು–ಟೈಲ್ಸ್ ಕಾರ್ಖಾನೆಗಳ ಪುಟ್ಟ ಊರು. ಅಲ್ಲಿಂದ 2006ರಲ್ಲಿ ಒಂದು ವರ್ಷದ ಮಟ್ಟಿಗೆ ವೆಲ್ವಾ ಊರಿನ ರೆಕ್ರಿಯಾತಿವೊಗೆ ಹೋಗಿ, ದೇಶದ ಅತ್ಯುತ್ತಮ ಸ್ಪ್ಯಾನಿಷ್ ಆಟಗಾರ ಎಂಬ ‘ಡಾನ್ ಬಲೋನ್’ ಪತ್ರಿಕೆಯ ಪ್ರಶಸ್ತಿ ಪಡೆದು ಮರಳಿದರು. 2008ರ ಯುರೋ ಕಪ್‌ನಲ್ಲಿ ಇಟಲಿ ವಿರುದ್ಧ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಒಂದು ಗೋಲು ಅವರದು. ಫೈನಲ್‌ನಲ್ಲಿ ಬದಲಿಯಾಗಿ ಇಳಿದು ಕಪ್ ಎತ್ತಿದರು. ಮುಂದೆ 2012ರಲ್ಲೂ ಯುರೋ ಕಪ್ ಸಿಕ್ಕಿತು. ನಡುವೆ 2010ರಲ್ಲಿ ಸ್ಪೇನ್ ಮೊದಲ ಸಲ ವಿಶ್ವಕಪ್ ಗೆದ್ದಾಗ ಮಾತ್ರ ಗಾಯದ ದೆಸೆಯಿಂದ ಅವರು ತಂಡದಲ್ಲೇ ಇರಲಿಲ್ಲ. ಎರಡು ಹಬ್ಬಕ್ಕೆ ಇದ್ದು, ನಡುವಿನ ಜಾತ್ರೆಗೇ ಇಲ್ಲದಂತಾಯಿತು.

2011ರ ಹೊತ್ತಿಗೆ ಸ್ಪೇನಿನ ಆರ್ಥಿಕ ಹಿಂಜರಿತ ವಿಲ್ಲಾರಿಯಲ್ಲಿಗೂ ತಟ್ಟಿತು. ಒಳ್ಳೆಯ ಬೆಲೆ ಬರುವ ಆಟಗಾರನನ್ನು ಮಾರಬೇಕಾಯಿತು. ಕೊಂಡದ್ದು ಕತಾರಿನ ಶೇಖ್ ಒಬ್ಬರು ಮಾಲೀಕರಾಗಿದ್ದ ಮಲಾಗಾ. ಆ ವರ್ಷ ಮಲಾಗಾ ಲೀಗ್‌ನಲ್ಲಿ ನಾಲ್ಕನೆಯದಾಗಿ ಚಾಂಪಿಯನ್ಸ್ ಲೀಗ್ ಹೊಸಿಲು ಮುಟ್ಟಿತು. ಅಷ್ಟರಲ್ಲಿ ಶೇಖರ ಕೈ ಬಿಗಿಯಾಯಿತು, ಸಂಬಳ ಬಾಕಿ ಬಿತ್ತು. 2012ರ ಆಗಸ್ಟ್‌ನಲ್ಲಿ ಕಜೋರ್ಲಾ ಲಂಡನ್ನಿನ ಆರ್ಸೆನಲ್‌ಗೆ ಬಂದರು.

ಆರ್ಸೆನಲ್ ಅಭಿಮಾನಿಗಳಿಗೆ 2014ರ ಎಫ್‌ಎ ಕಪ್ ಫೈನಲ್ ಇವತ್ತಿಗೂ ಹೇಳಿ ಮುಗಿಯದ ಕತೆ. ಒಂಬತ್ತು ವರ್ಷಗಳಿಂದ ಕಪ್ ಕಾಣದ ತಂಡ. ಎದುರಿಗಿದ್ದ ಹಲ್ ಸಿಟಿ ವೆಂಬ್ಲಿಯಲ್ಲಿ ಎಂಟು ನಿಮಿಷದೊಳಗೆ ಎರಡು ಗೋಲು ಹೊಡೆದುಬಿಟ್ಟಿತು. 17ನೇ ನಿಮಿಷದಲ್ಲಿ ದೂರದಿಂದೊಂದು ಫ್ರೀ ಕಿಕ್. ಕಜೋರ್ಲಾ ಹೊಡೆದ ಚೆಂಡು ಗೋಡೆಯಂತೆ ನಿಂತಿದ್ದವರ ತಲೆ ದಾಟಿ, ಗೋಲ್‌ಕೀಪರ್‌ನನ್ನೂ ಮೀರಿ ಬಲೆಯ ಮೇಲ್ಮೂಲೆ ಸೇರಿತು. ಮುಂದೆ ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದರು. ಗೆಲುವಿನ ಗೋಲು ಬೇರೆಯವರದು. ಆದರೂ ಆ ಫ್ರೀ ಕಿಕ್ ಇಲ್ಲದಿದ್ದರೆ ಪಂದ್ಯ ಅಲ್ಲಿಗೇ ಮುಗಿದಿತ್ತು ಅನ್ನುವವರಲ್ಲಿ ನಾನೂ ಒಬ್ಬ.

ಇನ್ನು ಹಿಮ್ಮಡಿಯ ಕತೆ. ಹಿಮ್ಮಡಿಗಿಂತ ಸ್ವಲ್ಪ ಮೇಲೆ ಎರಡು ಬೆರಳಿಂದ ಹಿಡಿದು ನೋಡಿ, ಗಟ್ಟಿ ಹಗ್ಗದಂಥದ್ದು ಸಿಗುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರುವುದು ಅದೇ. ಅಕಿಲಿಸ್ ಎನ್ನುವ ಆ ಸ್ನಾಯುರಜ್ಜು ಸರಿಯಿಲ್ಲದಿದ್ದರೆ ಓಟವಿರಲಿ, ಮೆಟ್ಟಿಲು ಹತ್ತುವುದೂ ಕಷ್ಟ. ಕಜೋರ್ಲಾಗೆ 2013ರಲ್ಲಿ ಚಿಲಿ ವಿರುದ್ಧದ ಸ್ನೇಹಪಂದ್ಯದಲ್ಲಿ ಪಾದದ ಕೀಲಿಗೆ ಪೆಟ್ಟಾಗಿತ್ತು. ನೋವು ನುಂಗಿಕೊಂಡೇ ಮೂರು ವರ್ಷ ಆಡಿದರು. 2016ರ ಅಕ್ಟೋಬರ್ 19ರಂದು ಬಲ್ಗೇರಿಯಾದ ಲುದೊಗೊರೆಟ್ಸ್ ವಿರುದ್ಧ ಕುಂಟುತ್ತ ಹೊರನಡೆದವರು ಮತ್ತೆ ಆರ್ಸೆನಲ್ ಪರ ಆಡಲೇ ಇಲ್ಲ.

ಶಸ್ತ್ರಚಿಕಿತ್ಸೆಯಾದ ಗಾಯ ಮಾಯಲಿಲ್ಲ. ಹೊಲಿಗೆ ಬಿಚ್ಚಿಕೊಳ್ಳುವುದು, ಮತ್ತೆ ಹಾಕುವುದು, ಹೀಗೇ ನಡೆಯಿತು. ಒಳಹೊಕ್ಕ ಬ್ಯಾಕ್ಟೀರಿಯಾ ಹಿಮ್ಮಡಿಯ ಮೂಳೆಯನ್ನು ಕೆಡಿಸಿ, ಸ್ನಾಯುರಜ್ಜುವನ್ನು ಸುಮಾರು ಎಂಟು ಸೆಂಟಿಮೀಟರ್‌ನಷ್ಟು ತಿಂದುಹಾಕಿತ್ತು. ಗ್ಯಾಂಗ್ರೀನ್ ಆಯಿತು, ಕಾಲು ಉಳಿಯುವುದೇ ಅನುಮಾನ ಎಂಬಲ್ಲಿಗೆ ಬಂತು. ಮಗನ ಜತೆ ತೋಟದಲ್ಲಿ ನಡೆದಾಡುವಂತಾದರೆ ಅಷ್ಟಕ್ಕೇ ಸಮಾಧಾನಪಡಿ ಎಂದು ವೈದ್ಯರು ಅಂದಿದ್ದನ್ನು ಅವರೇ ಆಮೇಲೆ ‘ಮಾರ್ಕಾ’ ಪತ್ರಿಕೆಗೆ ಹೇಳಿಕೊಂಡರು.

2017ರ ಮೇನಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಡಾ. ಮಿಕೆಲ್ ಸ್ಯಾಂಚೆಜ್ ಆ ಹಿಮ್ಮಡಿಯನ್ನು ಹೊಸದಾಗಿ ಕಟ್ಟಲು ಕೂತರು. ಗಾಯ ಮುಚ್ಚಲು ಚರ್ಮ ಬೇಕಿತ್ತು, ಎಡ ಮುಂಗೈಯಿಂದ ತೆಗೆದರು. ಅಲ್ಲೊಂದು ಹಚ್ಚೆ ಇತ್ತು, ಮಗಳ ಹೆಸರು. ಆ ಹೆಸರು ‘ಇಂಡಿಯಾ’. ನಮ್ಮ ದೇಶಕ್ಕೂ ಅವರಿಗೂ ಇರುವ ನಂಟು ಇಷ್ಟೇ, ಆದರೂ ಓದಿದಾಗ ಏನೋ ಒಂದು ಥರ ಆಗುತ್ತದೆ. ಅಕ್ಷರಗಳು ನಡುವೆ ತುಂಡಾಗಿ ಒಂದಿಷ್ಟು ತೋಳಿನಲ್ಲಿ ಉಳಿದವು, ಮಿಕ್ಕವು ಬಲ ಹಿಮ್ಮಡಿಗೆ ಅಂಟಿದವು. ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಹಿಮ್ಮಡಿಯ ಚರ್ಮ ಬೇರೆ ಬೇರೆ ಬಣ್ಣದ ತೇಪೆ ಹಾಕಿದ ಕೌದಿಯ ಹಾಗೆ ಕಾಣುತ್ತಿತ್ತು.

2018ರ ಬೇಸಿಗೆಯಲ್ಲಿ ಹಳೆಯ ವಿಲ್ಲಾರಿಯಲ್ ಮತ್ತೆ ಕರೆಯಿತು. ಎರ್ಕುಲೆಸ್ ವಿರುದ್ಧ ಅಭ್ಯಾಸ ಪಂದ್ಯಕ್ಕೆ ಇಳಿದಾಗ, ಕೊನೆಯ ಸಲ ಆಡಿ 636 ದಿನಗಳಾಗಿದ್ದವು. ಅಭಿಮಾನಿಗಳೆದುರು ಅವರನ್ನು ಪರಿಚಯಿಸಲು ಕ್ಲಬ್ಬು ಜಾದೂಗಾರರನ್ನೇ ಕರೆಸಿತು: ಖಾಲಿ ಗಾಜಿನ ಕೊಳವೆ, ಅದರೊಳಗೆ ಹೊಗೆ, ಹೊಗೆ ಕರಗಿದಾಗ ಒಳಗೆ ನಗುತ್ತಿರುವ ಕಜೋರ್ಲಾ. ಮರು ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲು. 2019ರಲ್ಲಿ ರಾಷ್ಟ್ರೀಯ ತಂಡದ ಕರೆಯೂ ಬಂತು, ನವೆಂಬರ್‌ನಲ್ಲಿ ಮಾಲ್ಟಾ ವಿರುದ್ಧ ಗೋಲೂ ಬಂತು. ಆಮೇಲೆ ಮೂರು ವರ್ಷ ಕತಾರಿನ ಅಲ್ ಸಾದ್; ಮೊದಲಿಗೆ ಅಲ್ಲಿ ಕೋಚ್ ಆಗಿದ್ದವರು ಸ್ಪೇನ್ ತಂಡದಲ್ಲಿ ಜತೆಗಿದ್ದ ಚಾವಿ.

ಇತ್ತ ಒವಿಯೆದೊ ಕ್ಲಬ್ಬು 2012ರಲ್ಲಿ ಮುಚ್ಚಿಹೋಗುವ ಹಂತಕ್ಕೆ ಬಂದಿತ್ತು. ಹತ್ತು ಯೂರೋ ಚಿಲ್ಲರೆ ಬೆಲೆಯ ಷೇರು ಮಾರಿ ಉಳಿಸಿಕೊಳ್ಳಲು ಹೊರಟಾಗ ಎಲ್ಲೆಲ್ಲಿಂದಲೋ ಅಭಿಮಾನಿಗಳು ಕೊಂಡರು. ಆಗಷ್ಟೇ ಲಂಡನ್ ಸೇರಿದ್ದ ಕಜೋರ್ಲಾ ಕೂಡ ಕೊಂಡರು, ಅದೇ ಅಕಾಡೆಮಿಯಲ್ಲಿ ಆಡಿ ಬೆಳೆದ ಹುವಾನ್ ಮಾಟಾ, ಮಿಚು ಸಹ. ಸಂಬಳ ಕೊಡಲಾಗದ ಕ್ಲಬ್ಬುಗಳಿಂದ ಊರೂರು ಅಲೆದ ಮನುಷ್ಯ ಕೊನೆಗೆ ಸಂಬಳ ಬೇಡವೆಂದು ಬಂದದ್ದು ಇಲ್ಲಿಗೆ.

ಬಂದ ಕೂಡಲೇ ಎಲ್ಲ ಸುಸೂತ್ರವಾಗಲಿಲ್ಲ. 2024ರಲ್ಲಿ ಮೊದಲ ದರ್ಜೆಗೆ ಬಡ್ತಿ ಕೊಡುವ ಪ್ಲೇ ಆಫ್ ಫೈನಲ್ ತಲುಪಿ ಎಸ್ಪಾನ್ಯೋಲ್‌ಗೆ ಸೋತರು. ಮರುವರ್ಷ ಜೂನ್ 21ರಂದು ಮತ್ತೆ ಫೈನಲ್, ಈ ಸಲ ಮಿರಾಂದೆಸ್ ಎದುರಾಳಿ. ಮೊದಲ ಹಂತದಲ್ಲಿ 0–1ರಿಂದ ಸೋತಿದ್ದರು. ಊರಿನ ಕಾರ್ಲೊಸ್ ತಾರ್ತಿಯೆರೆ ಕ್ರೀಡಾಂಗಣದಲ್ಲಿ ಎರಡನೇ ಹಂತ ಶುರುವಾದ ಸ್ವಲ್ಪ ಹೊತ್ತಿಗೇ ಇನ್ನೊಂದು ಗೋಲು ತಿಂದರು. ಮಧ್ಯಂತರಕ್ಕೆ ಮುಂಚೆ ಒವಿಯೆದೊಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಇಟ್ಟವರು ನಲವತ್ತು ವರ್ಷದ ಕಜೋರ್ಲಾ. ಗೋಲು. ಹೆಚ್ಚುವರಿ ಸಮಯ ಮುಗಿದಾಗ ಪಂದ್ಯ 3–1, ಒವಿಯೆದೊ 24 ವರ್ಷಗಳ ಮೇಲೆ ಮೊದಲ ದರ್ಜೆಯಾದ ಲಾ ಲಿಗಾಕ್ಕೆ.

ಹೊಸ ಋತುವಿನ ವೇಳಾಪಟ್ಟಿ ಬಂತು. ಒವಿಯೆದೊದ ಮೊದಲ ಪಂದ್ಯ ಆಗಸ್ಟ್ 15ಕ್ಕೆ, ಬೇರೆಲ್ಲೂ ಅಲ್ಲ, ವಿಲ್ಲಾರಿಯಲ್ಲಿನಲ್ಲಿ. 0–2ರಿಂದ ಸೋತರು.